ಹಳೆಯ ಎಸ್ಕಾರ್ಟ್, ಹೊಸ ಎಂಜಿನ್, ಎರಡು ವೆಬರ್ ಕಾರ್ಬುರೇಟರ್

ನನ್ನ ಎಸ್ಕಾರ್ಟ್ 1978ರದು. ಫೋರ್ಡ್ ಕಂಪನಿ 1975ರಿಂದ 1980ರವರೆಗೆ ತಯಾರಿಸಿದ ಎರಡನೆಯ ತಲೆಮಾರಿನ ಎಸ್ಕಾರ್ಟ್‌ಗಳಲ್ಲೊಂದು. ಅದರ ಹುಟ್ಟು ಎಂಜಿನ್ 1.3 ಲೀಟರಿನ ಕೆಂಟ್. ಎರಕದ ಕಬ್ಬಿಣದ, ಗಟ್ಟಿಮುಟ್ಟಾದ, ಆದರೆ ಹೊಸತರಲ್ಲೂ 60 ಅಶ್ವಶಕ್ತಿಯನ್ನು ಮುಟ್ಟದ ಆ ಎಂಜಿನ್ನನ್ನು ಇಳಿಸಿ ಮೊಂಡಿಯೋ ಕಾರಿನ 2.0 ಲೀಟರಿನ ಜೆಟೆಕ್ ಎಂಜಿನ್ನನ್ನು ಕೂರಿಸುವ ತೀರ್ಮಾನ ಸುಲಭವಾಗಿಯೇ ಆಯಿತು, ಏಕೆಂದರೆ ನಾನಿರುವ ಬ್ರಿಟನ್ನಿನಲ್ಲಿ ಹಳೆಯ ಎಸ್ಕಾರ್ಟ್ ಇಟ್ಟುಕೊಂಡವರ ನಡುವೆ ಅದು ಬಹಳ ಜನ ನಡೆದು ಸವೆಸಿದ ದಾರಿ. ಎಂಜಿನ್ ಮೌಂಟು, ಹಿಂಚಕ್ರ ಚಾಲನೆಗೆ ಹೊಂದುವ ಸಂಪು (ಎಂಜಿನ್ ಆಯಿಲಿನ ತಟ್ಟೆ), ಸಿಯೆರಾ ಕಾರಿನ ಐದು ಗೇರಿನ ಪೆಟ್ಟಿಗೆಯನ್ನು ಎಂಜಿನ್ನಿಗೆ ಜೋಡಿಸುವ ಬೆಲ್‌ಹೌಸಿಂಗು, ಹೆಡ್ಡಿನ ಹಿಂತುದಿಯಲ್ಲಿದ್ದು ಕಾರಿನ ಒಳಗೋಡೆಗೆ ತಗಲುವ ಥರ್ಮೋಸ್ಟಾಟ್ ಗೂಡಿನ ಬದಲಿಗೆ ಹಾಕುವ ನೀರಿನ ಕೊಳವೆ, ಇವೆಲ್ಲ ಸಿದ್ಧವಾಗಿಯೇ ಸಿಗುತ್ತವೆ. ಯಾರೂ ನನ್ನ ಪರವಾಗಿ ತೀರ್ಮಾನಿಸಲಾಗದೆ ಉಳಿದದ್ದು ಒಂದೇ ಪ್ರಶ್ನೆ: ಈ ಎಂಜಿನ್ನಿಗೆ ಪೆಟ್ರೋಲ್ ಕೊಡುವುದು ಹೇಗೆ?

ಜೆಟೆಕ್ ತೊಂಬತ್ತರ ದಶಕದ ಎಂಜಿನ್. ಹದಿನಾರು ವಾಲ್ವು, ಎರಡು ಕ್ಯಾಮ್‌ಶಾಫ್ಟು, 84.8 ಮಿ.ಮೀ. ಬೋರು, 88 ಮಿ.ಮೀ. ಸ್ಟ್ರೋಕು, ಒಟ್ಟು 1988 ಸಿ.ಸಿ., ಸುಮಾರು 130 ಅಶ್ವಶಕ್ತಿ. ಅದು ಹುಟ್ಟಿದ್ದೇ ಇಂಜೆಕ್ಷನ್, ಅಂದರೆ ಕಂಪ್ಯೂಟರು ಅಳೆದು ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆಯ ಜೊತೆಗೆ. ಯುರೋಪಿನಲ್ಲಿ 1993ರಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಅನಿವಾರ್ಯವಾದಾಗ, ಅದು ಬಯಸುವಷ್ಟು ಕರಾರುವಾಕ್ಕಾದ ಮಿಶ್ರಣವನ್ನು, ಗಾಳಿಯ ಎಳೆತದಿಂದಷ್ಟೇ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕೊಡಲಾರದೆಂಬ ಕಾರಣಕ್ಕೇ ಕಾರ್ಬುರೇಟರ್ ಮರೆಗೆ ಸರಿಯಿತು. ನಮ್ಮ ಭಾರತದಲ್ಲಿ ಬೈಕುಗಳಿಂದ ಅದು ಕಾಲ್ತೆಗೆದದ್ದು 2020ರ ಏಪ್ರಿಲ್‌ನಲ್ಲಿ, ಬಿಎಸ್6 ಜಾರಿಯಾದಾಗ. ಹೀಗಿರುವಾಗ ಇಂಜೆಕ್ಷನ್ನನ್ನು ಕಳಚಿ ಎರಡು ವೆಬರ್ 45 ಡಿಸಿಒಇ ಕಾರ್ಬುರೇಟರ್ ಹಾಕುವುದು ಹಿನ್ನಡೆಯೆಂದು ಯಾರಾದರೂ ಹೇಳಿದರೆ ಲೆಕ್ಕದ ಮಟ್ಟಿಗೆ ಅವರ ಮಾತು ಸರಿ. ಪೆಟ್ರೋಲ್ ಉಳಿತಾಯ, ಚಳಿಯಲ್ಲಿ ಸ್ಟಾರ್ಟ್ ಆಗುವ ಸುಖ, ಹೊಗೆಯ ಶುದ್ಧಿ, ಈ ಮೂರರಲ್ಲೂ ಇಂಜೆಕ್ಷನ್ನೇ ಮೇಲು. ನಾನು ವೆಬರ್ ಆರಿಸಿಕೊಂಡದ್ದಕ್ಕೆ ಕಾರಣ ಬೇರೆ. ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ, ಮೊಂಡಿಯೋದ ಮೂಲ ಇನ್‌ಲೆಟ್ ಮ್ಯಾನಿಫೋಲ್ಡು ಅಡ್ಡಲಾಗಿ ಕೂರುವ ಎಂಜಿನ್ನಿಗಾಗಿ ಮಾಡಿದ್ದು, ಎಸ್ಕಾರ್ಟಿನ ಬಾನೆಟ್ಟಿನಡಿ ಅದು ಕಣ್ಣಿಗೂ ಜಾಗಕ್ಕೂ ಹೊಂದುವುದಿಲ್ಲ. ಸಿಲಿಂಡರಿಗೊಂದರಂತೆ ಬರುವ ಥ್ರಾಟಲ್ ಬಾಡಿಗಳು (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ತಟ್ಟೆಯಿರುವ ಕೊಳವೆಗಳು) ನನ್ನ ಕೈಗೆ ದುಬಾರಿ. ಮತ್ತು ಬಾನೆಟ್ ಎತ್ತಿದಾಗ ಆ ಕಾಲದ ಕಾರಿನೊಳಗೆ ಆ ಕಾಲದ ಲೋಹ ಕಾಣಬೇಕೆಂಬ ಆಸೆಯೂ ಇತ್ತು. ಬೊಲೋನ್ಯಾ ನಗರದಲ್ಲಿ ಎಡುಆರ್ಡೊ ವೆಬರ್ ಆರಂಭಿಸಿದ ಕಂಪನಿಯ ಈ ಜೋಡಿಗೊಳವೆಯ, ಅಡ್ಡವಾಗಿ ಗಾಳಿ ಎಳೆಯುವ ಕಾರ್ಬುರೇಟರ್‌ನಲ್ಲಿ ಬಿಚ್ಚಿ ನೋಡಲಾಗದ, ಬದಲಿಸಲಾಗದ ಭಾಗವೆಂಬುದು ಇಲ್ಲ. ಮೈಸೂರಿನ ಯೆಜ್ಡಿ ಬೈಕುಗಳ ನಡುವೆ ಬೆಳೆದವನಿಗೆ, ಅಂದರೆ ಜೆಟ್ಟನ್ನು (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಬಿಡಿಭಾಗವನ್ನು) ಬಾಯಲ್ಲಿ ಊದಿ ಬೆಳಕಿಗೆ ಹಿಡಿದು ನೋಡುವ ಮೆಕ್ಯಾನಿಕ್ಕುಗಳನ್ನು ಕಂಡವನಿಗೆ, ಇದೊಂದು ದೊಡ್ಡ ಆಕರ್ಷಣೆ.

ಆದರೆ ಕೆಲಸಕ್ಕೆ ಇಳಿಯುವ ಮೊದಲೇ ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿಯೊಂದಿದೆ. ಹೊಸ ಎಂಜಿನ್ನಿನ ಕಂಪ್ಯೂಟರು ಪೆಟ್ರೋಲನ್ನಷ್ಟೇ ಅಳೆಯುವುದಿಲ್ಲ. ಕಿಡಿ ಯಾವಾಗ ಹಾರಬೇಕು, ನಿಂತಲ್ಲಿ ಎಂಜಿನ್ ಎಷ್ಟು ವೇಗದಲ್ಲಿ ತಿರುಗಬೇಕು, ಚಳಿಯಲ್ಲಿ ಎಷ್ಟು ಹೆಚ್ಚು ಪೆಟ್ರೋಲ್ ಬೇಕು, ಎಷ್ಟು ವೇಗ ಮೀರಿದರೆ ಕಡಿವಾಣ ಹಾಕಬೇಕು, ಇವನ್ನೆಲ್ಲ ಅದು ಸದ್ದಿಲ್ಲದೆ ನೋಡಿಕೊಳ್ಳುತ್ತಿರುತ್ತದೆ. ಅದನ್ನು ಕಳಚಿಟ್ಟ ದಿನ ಆ ಜವಾಬ್ದಾರಿಗಳು ಒಂದೊಂದಾಗಿ ಮಾಲೀಕನ ಮೇಲೆ ಬೀಳುತ್ತವೆ. ಕಾರ್ಬುರೇಟರ್ ಕೂರಿಸುವ ಕೆಲಸ ಎನ್ನುವುದರಲ್ಲಿ ಕಾರ್ಬುರೇಟರ್‌ಗೆ ಸಂಬಂಧಿಸಿದ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಕಿಡಿಯದು, ಪೆಟ್ರೋಲಿನ ಒತ್ತಡದ್ದು ಮತ್ತು ಪಿಸ್ಟನ್ ಗಾಳಿ ಎಳೆಯುವಾಗ ಉಂಟಾಗುವ ನಿರ್ವಾತದ್ದು.

ಕೂರಿಸುವ ಕೆಲಸದಿಂದಲೇ ಆರಂಭಿಸುತ್ತೇನೆ. ಎಂಜಿನ್ನನ್ನು ಉದ್ದುದ್ದಕ್ಕೆ ತಿರುಗಿಸಿ ಕೂರಿಸಿದಾಗ ಜೆಟೆಕ್‌ನ ಇನ್‌ಲೆಟ್ ಬದಿ ಬಲಕ್ಕೂ ಎಕ್ಸಾಸ್ಟ್ ಬದಿ ಎಡಕ್ಕೂ ಬರುತ್ತದೆ. ಎಕ್ಸಾಸ್ಟಿನ ಕಾವು ಕಾರ್ಬುರೇಟರ್‌ಗಳಿಂದ ದೂರ ಉಳಿಯುವುದು ಇದರ ಲಾಭ. ಬ್ರಿಟನ್ನಿನ ಕಾರುಗಳಲ್ಲಿ ನಮ್ಮಲ್ಲಿಯಂತೆಯೇ ಬಲಗಡೆ ಸ್ಟೇರಿಂಗ್ ಇರುವುದರಿಂದ ಬ್ರೇಕಿನ ಮಾಸ್ಟರ್ ಸಿಲಿಂಡರು ಮತ್ತು ನಿರ್ವಾತದಿಂದ ಬ್ರೇಕಿಗೆ ಬಲ ಕೂಡಿಸುವ ಸರ್ವೋ ಕೂಡ ಅದೇ ಬದಿಯಲ್ಲಿ ಬಂದು ಹಿಂದಿನ ಕಾರ್ಬುರೇಟರ್‌ನ ಜಾಗಕ್ಕೆ ಪೈಪೋಟಿ ನಡೆಸುವುದು ನಷ್ಟ. ಕಾರ್ಬುರೇಟರ್ ಬಾಯಿಗೆ ಕೂರುವ ಗಾಳಿಯ ತುತ್ತೂರಿ, ಅದರ ಮೇಲಿನ ಫಿಲ್ಟರು, ಎರಡಕ್ಕೂ ಜಾಗ ಉಳಿಯುತ್ತದೆಯೇ ಎಂಬುದನ್ನು ಮ್ಯಾನಿಫೋಲ್ಡ್ ಕೊಳ್ಳುವ ಮೊದಲು ರಟ್ಟು ಕತ್ತರಿಸಿ ಅಚ್ಚು ಮಾಡಿ ನೋಡಿದೆ. ಉದ್ದನೆಯ ತುತ್ತೂರಿ ಟಾರ್ಕಿಗೆ ಒಳ್ಳೆಯದೆಂದು ಗೊತ್ತಿದ್ದರೂ ಇಲ್ಲಿ ಗಿಡ್ಡದಕ್ಕೇ ಒಪ್ಪಿಕೊಳ್ಳಬೇಕಾಯಿತು. ಡಿಸಿಒಇ ಕಾರ್ಬುರೇಟರ್ ಸಮತಟ್ಟಾಗಿ ಅಲ್ಲ, ಗಾಳಿಯ ಬಾಯಿ ಸುಮಾರು 5 ಡಿಗ್ರಿ ಮೇಲೆತ್ತಿದಂತೆ ಕೂರಬೇಕು. ಎಂಜಿನ್ ಕೂತ ಕೋನಕ್ಕೂ ಮ್ಯಾನಿಫೋಲ್ಡಿನ ಕೋನಕ್ಕೂ ಹೊಂದಾಣಿಕೆಯಾಗದಿದ್ದರೆ ಒಳಗಿನ ಪೆಟ್ರೋಲ್ ಮಟ್ಟವೇ ತಪ್ಪಿಹೋಗುತ್ತದೆ.

ಕಾರ್ಬುರೇಟರನ್ನು ಮ್ಯಾನಿಫೋಲ್ಡಿಗೆ ನೇರವಾಗಿ ಬಿಗಿಯುವಂತಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನಿನ ನಡುಕಕ್ಕೆ ಫ್ಲೋಟಿನ (ತೇಲುತ್ತ ಪೆಟ್ರೋಲ್ ಮಟ್ಟವನ್ನು ಕಾಯುವ ಬುರುಡೆಯ) ಬಟ್ಟಲಿನ ಪೆಟ್ರೋಲ್ ನೊರೆಯೇಳುತ್ತದೆ, ನೊರೆಯೆದ್ದರೆ ಜೆಟ್ಟಿಗೆ ಗಾಳಿ ನುಗ್ಗುತ್ತದೆ. ಅದಕ್ಕಾಗಿ ಎರಡರ ನಡುವೆ ರಬ್ಬರ್ ಉಂಗುರವಿರುವ ತೆಳ್ಳನೆಯ ಫಲಕ, ನಟ್ಟಿನ ಕೆಳಗೆ ಜೋಡಿ ಸುರುಳಿಯ ಥ್ಯಾಕರೆ ವಾಷರು. ನಟ್ಟನ್ನು ಬಿಗಿಯುವಾಗ ಆ ಸುರುಳಿ ಪೂರ್ತಿ ಕುಗ್ಗದೆ ಸ್ವಲ್ಪ ಸಂದು ಉಳಿಯಬೇಕು. ಕಾರ್ಬುರೇಟರನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಅಲುಗಬೇಕು. ಇದನ್ನು ಕಂಡ ಗೆಳೆಯರೊಬ್ಬರು ನಟ್ಟು ಸಡಿಲವಾಗಿದೆ ಎಂದು ಸ್ಪ್ಯಾನರಿಗೆ ಕೈ ಹಾಕಿದ್ದರು. ಬಿಗಿಯಾಗಿರುವುದೇ ಸರಿ ಎಂಬ ಮೆಕ್ಯಾನಿಕ್ ಬುದ್ಧಿಯನ್ನು ಇಲ್ಲಿ ಬದಿಗಿಡಬೇಕು.

ಇನ್ನು ಪೆಟ್ರೋಲಿನ ದಾರಿ. ಜೆಟೆಕ್‌ನ ಇಂಜೆಕ್ಟರುಗಳು ಬಯಸುತ್ತಿದ್ದದ್ದು ಸುಮಾರು 3 ಬಾರ್ ಒತ್ತಡ. ವೆಬರ್‌ಗೆ ಸಾಕಾಗುವುದು ಸುಮಾರು 3 ಪಿಎಸ್‌ಐ, ಅಂದರೆ 0.2 ಬಾರ್. ಹದಿನೈದು ಪಟ್ಟಿನ ಈ ಅಂತರದಿಂದಾಗಿ ಇಂಜೆಕ್ಷನ್ನಿನ ಪಂಪನ್ನು ಇಲ್ಲಿ ಬಳಸುವ ಮಾತೇ ಇಲ್ಲ. ಫ್ಲೋಟಿನ ಸೂಜಿ ವಾಲ್ವು ಅಷ್ಟು ಒತ್ತಡವನ್ನು ತಡೆಯಲಾರದೆ ಪೆಟ್ರೋಲನ್ನು ಉಕ್ಕಿಸಿ ಎಂಜಿನ್ ಮೇಲೆಯೇ ಚೆಲ್ಲುತ್ತದೆ. ಟ್ಯಾಂಕಿನ ಹತ್ತಿರ ಕಡಿಮೆ ಒತ್ತಡದ ಫೇಸೆಟ್ ವಿದ್ಯುತ್ ಪಂಪು, ಎಂಜಿನ್ ಕೋಣೆಯಲ್ಲಿ ಫಿಲ್ಟರೂ ಸೇರಿರುವ ಒತ್ತಡ ನಿಯಂತ್ರಕ, ಅದರ ಪಕ್ಕದಲ್ಲಿ ಸಣ್ಣದೊಂದು ಒತ್ತಡಮಾಪಕ, ಹೀಗೆ ಜೋಡಿಸಿದೆ. ಅಪಘಾತವಾದರೆ ಪಂಪನ್ನು ನಿಲ್ಲಿಸುವ ಸ್ವಿಚ್ಚೊಂದನ್ನು ಸೇರಿಸುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಕೆಂಟ್ ಎಂಜಿನ್ನಿನ ಯಾಂತ್ರಿಕ ಪಂಪು ಎಂಜಿನ್ ನಿಂತೊಡನೆ ತಾನೂ ನಿಲ್ಲುತ್ತಿತ್ತು, ವಿದ್ಯುತ್ ಪಂಪಿಗೆ ಆ ವಿವೇಕವಿಲ್ಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಶೇಕಡ 10ರವರೆಗೆ ಎಥೆನಾಲ್ ಬೆರೆತ ಇ10. ಹಳೆಯ ರಬ್ಬರ್ ಕೊಳವೆಗಳನ್ನು ಎಥೆನಾಲ್ ಒಳಗಿನಿಂದಲೇ ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ; ಹಾಗಾಗಿ ಹಳೆಯ ಒಂದಡಿ ಕೊಳವೆಯನ್ನೂ ಉಳಿಸದೆ ಎಲ್ಲವನ್ನೂ ಎಥೆನಾಲ್ ತಾಳುವ ಆರ್9 ದರ್ಜೆಯದಕ್ಕೆ ಬದಲಿಸಿದೆ, ಹಾಕಿಸುವ ಪೆಟ್ರೋಲ್ ಮಾತ್ರ ಸಾಧ್ಯವಾದಾಗಲೆಲ್ಲ ಎಥೆನಾಲ್ ಕಡಿಮೆಯಿರುವ ಸೂಪರ್.

ಫ್ಲೋಟಿನ ಮಟ್ಟವನ್ನು ಹೊಂದಿಸುವ ಕೆಲಸವನ್ನು ಮೇಜಿನ ಮೇಲೆಯೇ ಮುಗಿಸಬೇಕು. ಕಾರ್ಬುರೇಟರ್‌ನ ಮುಚ್ಚಳವನ್ನು ಗ್ಯಾಸ್ಕೆಟ್ ಸಮೇತ ನೆಟ್ಟಗೆ ಹಿಡಿದು, ಫ್ಲೋಟಿನ ನಾಲಿಗೆ ಸೂಜಿ ವಾಲ್ವಿನ ಸ್ಪ್ರಿಂಗ್ ಗುಂಡನ್ನು ಒತ್ತದೆ ಬರಿದೇ ತಾಗುವ ಸ್ಥಿತಿಯಲ್ಲಿ, ಗ್ಯಾಸ್ಕೆಟ್ಟಿನಿಂದ ಫ್ಲೋಟಿಗೆ ಇರುವ ಅಂತರವನ್ನು ಅಳೆಯುತ್ತಾರೆ. ನನ್ನವು ಹಿತ್ತಾಳೆ ಫ್ಲೋಟಿನವು, 8.5 ಮಿ.ಮೀ.ಗೆ ಹೊಂದಿಸಿದೆ. ಅಷ್ಟೇ ದಪ್ಪದ ಡ್ರಿಲ್ ಬಿಟ್ಟೊಂದನ್ನು ಅಳತೆಗೋಲಾಗಿ ನಡುವೆ ತೂರಿಸಿ ನೋಡುವುದು ಸ್ಕೇಲಿಗಿಂತ ನಿಖರ. ಪ್ಲಾಸ್ಟಿಕ್ ಫ್ಲೋಟಿನ ಮಾದರಿಗಳಿಗೆ ಅಳತೆ ಬೇರೆ, ಅದನ್ನು ಮಾದರಿಯ ಸಂಖ್ಯೆಯೊಂದಿಗೆ ಹೋಲಿಸಿಯೇ ತೀರ್ಮಾನಿಸಬೇಕು. ಈ ಮಟ್ಟ ಎರಡು ಕಾರ್ಬುರೇಟರ್‌ಗಳಲ್ಲಿ ಒಂದೇ ಇರದಿದ್ದರೆ ಮುಂದೆ ಮಾಡುವ ಟ್ಯೂನಿಂಗೆಲ್ಲ ನೀರಲ್ಲಿ ಹೋಮ.

ಈಗ ಕಿಡಿಯ ವಿಷಯಕ್ಕೆ ಬರುತ್ತೇನೆ. ಕೆಂಟ್ ಎಂಜಿನ್ನಿಗೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರು ಇತ್ತು. ಅದರೊಳಗಿನ ತೂಕದ ಗುಂಡುಗಳೂ ನಿರ್ವಾತದ ಡಬ್ಬಿಯೂ ಸೇರಿ ಕಿಡಿಯನ್ನು ಹಿಂದುಮುಂದು ಮಾಡುತ್ತಿದ್ದವು. ಜೆಟೆಕ್‌ನಲ್ಲಿ ಡಿಸ್ಟ್ರಿಬ್ಯೂಟರ್ ಕೂರಿಸುವ ಜಾಗವೇ ಇಲ್ಲ. ಅದರ ಬದಲಿಗೆ ಕ್ರ್ಯಾಂಕಿನ ಜೊತೆ ತಿರುಗುವ ಹಲ್ಲಿನ ಚಕ್ರವೊಂದಿದೆ: 36 ಹಲ್ಲಿರಬೇಕಾದ ಕಡೆ 35 ಇದ್ದು, ಇಲ್ಲದ ಆ ಒಂದು ಹಲ್ಲಿನ ಸಂದು ಹಾದುಹೋಗುವುದನ್ನು ನೋಡಿ ಪಿಸ್ಟನ್ ಎಲ್ಲಿದೆಯೆಂದು ಸಂವೇದಕ ತಿಳಿದುಕೊಳ್ಳುತ್ತದೆ. ತೊಂಬತ್ತರ ದಶಕದ ಆರಂಭದ ಕೆಲವು ಫೋರ್ಡ್ ಕಾರುಗಳಲ್ಲಿ ಈ ಸಂಕೇತವನ್ನು ಓದಿ ಕಾಯಿಲ್‌ಗಳನ್ನು ಚಾಲೂ ಮಾಡುವ ಇಡಿಐಎಸ್ ಎಂಬ ಪೆಟ್ಟಿಗೆಯೊಂದು ಪ್ರತ್ಯೇಕವಾಗಿಯೇ ಇರುತ್ತಿತ್ತು. ಗುಜರಿ ಅಂಗಡಿಯಲ್ಲಿ ಅದು ಸಿಕ್ಕರೆ, ಅದಕ್ಕೆ ಮೆಗಾಜೋಲ್ಟ್ ಎಂಬ ಸಣ್ಣ ನಿಯಂತ್ರಕವನ್ನು ಜೋಡಿಸಿ ಪೆಟ್ರೋಲಿನ ಗೋಜಿಲ್ಲದೆ ಕಿಡಿಯನ್ನಷ್ಟೇ ನಕ್ಷೆಯ ಪ್ರಕಾರ ನಡೆಸಬಹುದು.

ಈ ಎರಡು ಪೆಟ್ಟಿಗೆಗಳ ನಡುವಿನ ಸಂಭಾಷಣೆ ಸೊಗಸಾದದ್ದು. ಇಡಿಐಎಸ್ ಪೆಟ್ಟಿಗೆಯು ಎಂಜಿನ್ ತಿರುಗುತ್ತಿರುವ ವೇಗವನ್ನು ತಿಳಿಸುತ್ತದೆ. ನಿಯಂತ್ರಕವು ಉತ್ತರವಾಗಿ ಒಂದು ವಿದ್ಯುತ್ ಮಿಡಿತವನ್ನು ಕಳಿಸುತ್ತದೆ, ಆ ಮಿಡಿತದ ಉದ್ದವೇ ಅಡ್ವಾನ್ಸಿನ ಡಿಗ್ರಿಯನ್ನು, ಅಂದರೆ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಎಷ್ಟು ಮುಂಚೆ ಕಿಡಿ ಹಾರಬೇಕೆಂಬುದನ್ನು ಹೇಳುತ್ತದೆ. 1536 ಮೈಕ್ರೋಸೆಕೆಂಡಿನಿಂದ ಪ್ರತಿ ಡಿಗ್ರಿಗೆ 25.6ರಂತೆ ಕಳೆಯುತ್ತ ಹೋದರಾಯಿತು. 10 ಡಿಗ್ರಿಗೆ 1280, 30 ಡಿಗ್ರಿಗೆ 768. ಮಿಡಿತ ಬಾರದೇ ಹೋದರೆ ಪೆಟ್ಟಿಗೆ ತಾನಾಗಿಯೇ 10 ಡಿಗ್ರಿಗೆ ನಿಂತು ಎಂಜಿನ್ನನ್ನು ಓಡಿಸುತ್ತದೆ, ಹಾಗಾಗಿ ನಿಯಂತ್ರಕ ಕೈಕೊಟ್ಟರೂ ಮನೆಗೆ ಮರಳಬಹುದು. ಸಂವೇದಕದ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಎಂಜಿನ್ ಸ್ಟಾರ್ಟ್ ಆಗದು, ಇಲ್ಲವೇ ವೇಗ ಹೆಚ್ಚಿದಂತೆ ಮಿಸ್ಸಿಂಗ್ ಹೊಡೆಯುತ್ತದೆ. ಆ ತಂತಿಗಳಿಗೆ ಲೋಹದ ಜಾಲರಿಯ ರಕ್ಷಣೆ ಇರಬೇಕು ಮತ್ತು ಆ ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಬೇಕು. ಕಾಯಿಲ್ ಪ್ಯಾಕು ಒಂದು ಮತ್ತು ನಾಲ್ಕನೆಯ ಸಿಲಿಂಡರಿಗೆ ಒಟ್ಟಿಗೆ, ಎರಡು ಮತ್ತು ಮೂರನೆಯದಕ್ಕೆ ಒಟ್ಟಿಗೆ ಕಿಡಿ ಕೊಡುತ್ತದೆ. ಜೋಡಿಯಲ್ಲಿ ಒಂದು ಕಿಡಿ ವ್ಯರ್ಥ, ಆದರೆ ಕ್ಯಾಮ್‌ಶಾಫ್ಟಿಗೆ ಇನ್ನೊಂದು ಸಂವೇದಕ ಬೇಕಿಲ್ಲ.

ಎಂಜಿನ್ನಿನ ಮೇಲೆ ಎಷ್ಟು ಹೊರೆಯಿದೆ ಎಂಬುದನ್ನು ನಿಯಂತ್ರಕಕ್ಕೆ ತಿಳಿಸುವುದು ಹೇಗೆಂಬುದೇ ಕಾರ್ಬುರೇಟರ್ ಹಾಕುವವರೆಲ್ಲ ಎದುರಿಸುವ ಪ್ರಶ್ನೆ. ಒಂದೇ ಥ್ರಾಟಲಿನ ಹಿಂದೆ ದೊಡ್ಡ ಗಾಳಿಕೋಣೆಯಿರುವ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡಿನ ನಿರ್ವಾತ ಸ್ಥಿರವಾಗಿದ್ದು ಅದನ್ನೇ ಹೊರೆಯ ಅಳತೆಯಾಗಿ ಬಳಸಬಹುದು. ಇಲ್ಲಿ ಪ್ರತಿ ಸಿಲಿಂಡರಿಗೂ ತನ್ನದೇ ಥ್ರಾಟಲ್ ಇದೆ. ಪಿಸ್ಟನ್ ಎಳೆದಾಗ ನಿರ್ವಾತ ಜಿಗಿಯುತ್ತದೆ, ಮರುಕ್ಷಣ ಕುಸಿಯುತ್ತದೆ. ಆದ್ದರಿಂದ ಥ್ರಾಟಲ್ ಎಷ್ಟು ತೆರೆದಿದೆಯೆಂಬುದನ್ನೇ ಹೊರೆಯೆಂದು ಭಾವಿಸಿ, ಕಾರ್ಬುರೇಟರ್‌ನ ಥ್ರಾಟಲ್ ಕಡ್ಡಿಯ ತುದಿಗೆ ಸ್ಥಾನಸೂಚಕವೊಂದನ್ನು ಕೂರಿಸಿದೆ. ನಕ್ಷೆಯಲ್ಲಿ ನಿಂತಲ್ಲಿ ತಿರುಗುವಾಗ 12 ಡಿಗ್ರಿ, ಹಗುರ ಹೊರೆಯ ಓಟದಲ್ಲಿ 36ರ ಆಸುಪಾಸು, ಪೂರ್ತಿ ತುಳಿದಾಗ 28. ನಾಲ್ಕು ವಾಲ್ವಿನ, ನಡುಮಧ್ಯೆ ಸ್ಪಾರ್ಕ್ ಪ್ಲಗ್ ಇರುವ ಕೋಣೆಯಲ್ಲಿ ಮಿಶ್ರಣ ಬೇಗ ಉರಿಯುವುದರಿಂದ ಹಳೆಯ ಎಂಜಿನ್ನುಗಳಷ್ಟು ಅಡ್ವಾನ್ಸನ್ನು ಇದು ಕೇಳುವುದಿಲ್ಲ. ಹಳೆಯ ಅಭ್ಯಾಸದ ಮೇಲೆ ಹೆಚ್ಚು ಕೊಟ್ಟರೆ ಸಿಗುವುದು ಶಕ್ತಿಯಲ್ಲ, ಪಿಸ್ಟನ್ನಿನ ತಲೆಗೆ ಏಟು. ತಿರುಗುವಿಕೆಯ ಮಿತಿಯನ್ನು ನಿಮಿಷಕ್ಕೆ 6800 ಸುತ್ತಿಗೆ ನಿಲ್ಲಿಸಿದೆ. ಮೇಲುಹೊದಿಕೆ ಬೆಳ್ಳಿ ಬಣ್ಣದ್ದಾಗಿರುವ ಆರಂಭದ ಜೆಟೆಕ್‌ಗಳಲ್ಲಿ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟುಗಳು ಹೈಡ್ರಾಲಿಕ್, ಅವಕ್ಕೆ ಅದಕ್ಕಿಂತ ಹೆಚ್ಚಿನ ವೇಗ ಹಿತವಲ್ಲ.

ಇದೇ ನಿರ್ವಾತದ ಸಮಸ್ಯೆ ಬ್ರೇಕಿನಲ್ಲೂ ಎದುರಾಗುತ್ತದೆ. ಸರ್ವೋಗೆ ಒಂದೇ ಸಿಲಿಂಡರಿನ ಕೊಳವೆಯಿಂದ ನಿರ್ವಾತ ತೆಗೆದರೆ ಆ ಸಿಲಿಂಡರಿನ ಮಿಶ್ರಣ ಕೆಡುತ್ತದೆ, ಬ್ರೇಕ್ ತುಳಿದಾಗಲೆಲ್ಲ ಎಂಜಿನ್ ಕುಂಟುತ್ತದೆ. ನಾಲ್ಕೂ ಕೊಳವೆಗಳಲ್ಲಿ ಸಣ್ಣ ರಂಧ್ರ ಕೊರೆದು ಒಂದು ಸಮಾನ ನಳಿಗೆಗೆ ಸೇರಿಸಿ, ಅಲ್ಲಿಂದ ಏಕಮುಖ ವಾಲ್ವಿನ ಮೂಲಕ ಸರ್ವೋಗೆ ಕೊಟ್ಟೆ. ಎಂಜಿನ್ನಿನ ಉಸಿರುಗೊಳವೆಯನ್ನು ಮೂಲದಲ್ಲಿದ್ದಂತೆ ಮ್ಯಾನಿಫೋಲ್ಡಿಗೆ ಕೊಡದೆ ಬೇರೆ ಡಬ್ಬಿಗೆ ಬಿಟ್ಟಿದ್ದೇನೆ.

ಮೊದಲ ಸಲ ಸೆಲ್ಫ್ ಹೊಡೆಯುವ ಮುನ್ನ ಜೆಟ್ಟುಗಳ ಲೆಕ್ಕ. ಡಿಸಿಒಇಯಲ್ಲಿ ಎಲ್ಲವೂ ಚೋಕಿನಿಂದ ಆರಂಭ. ಇಲ್ಲಿ ಚೋಕ್ ಎಂದರೆ ಚಳಿಯಲ್ಲಿ ಎಳೆಯುವ ಗುಂಡಿಯಲ್ಲ, ಕಾರ್ಬುರೇಟರ್‌ನ ಕೊಳವೆಯೊಳಗೆ ಕೂರುವ, ನಡು ಸಣ್ಣಗಾದ ಬಳೆ. 45 ಎಂಬುದು ಹೊರಕೊಳವೆಯ ಅಳತೆ. ಒಳಗಿನ ಚೋಕನ್ನು 34, 36, 38 ಹೀಗೆ ಬದಲಿಸಬಹುದು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ರಭಸದಿಂದ ಚಿಮ್ಮುವ ಹಾಗೆ, ಚೋಕ್ ಸಣ್ಣದಾದಷ್ಟೂ ಗಾಳಿಯ ರಭಸ ಹೆಚ್ಚಿ ಕಡಿಮೆ ವೇಗದಲ್ಲೂ ಪೆಟ್ರೋಲ್ ಚೆನ್ನಾಗಿ ಎಳೆಯಲ್ಪಡುತ್ತದೆ. ಆದರೆ ಎಂಜಿನ್ ವೇಗ ಏರಿದಾಗ ಉಸಿರು ಕಟ್ಟುತ್ತದೆ. ನಾನು ಕೊಂಡ ಜೋಡಿಯಲ್ಲಿ 36 ಇತ್ತು. ಟ್ರ್ಯಾಕಿಗೆ ಅದೇ ಸರಿ. ದಿನವೂ ವೃತ್ತಗಳಲ್ಲಿ ನಿಂತು ಹೊರಡುವ, ಊರಿಂದೂರಿಗೆ ಓಡುವ ಕಾರಿಗೆ 34 ಸಾಕೆಂದು ತೀರ್ಮಾನಿಸಿ ಬದಲಿಸಿದೆ. ಮುಖ್ಯ ಜೆಟ್ಟಿಗೆ ಹಳಬರ ಸೂತ್ರ ಚೋಕಿನ ನಾಲ್ಕು ಪಟ್ಟು, ಅಂದರೆ 136. ಹತ್ತಿರದ್ದು 135, ರಂಧ್ರದ ಅಗಲ 1.35 ಮಿ.ಮೀ. ಗಾಳಿಯ ಜೆಟ್ಟು ಅದಕ್ಕಿಂತ 50 ಹೆಚ್ಚು, 185. ಪೆಟ್ರೋಲಿಗೆ ಗಾಳಿ ಬೆರೆಸುವ ಎಮಲ್ಷನ್ ನಳಿಗೆ ಎಫ್16. ಈ ಸೂತ್ರಗಳು ಎಂಜಿನ್ನನ್ನು ಸ್ಟಾರ್ಟ್ ಮಾಡಲು ಸಾಕು, ಟ್ಯೂನಿಂಗ್ ಮುಗಿಸಲು ಅಲ್ಲ.

ಎಂಜಿನ್ ಚಾಲೂ ಆದ ಮೇಲೆ ಮೊದಲ ಕೆಲಸ ಸಮತೋಲನ. ಗಾಳಿಯ ಹರಿವನ್ನು ಗಂಟೆಗೆ ಇಷ್ಟು ಕಿಲೋ ಎಂದು ತೋರಿಸುವ ಮಾಪಕವನ್ನು ಒಂದೊಂದೇ ತುತ್ತೂರಿಯ ಬಾಯಿಗೆ ಒತ್ತಿ ಹಿಡಿದು ನೋಡುತ್ತ, ಎರಡು ಕಾರ್ಬುರೇಟರ್‌ಗಳ ನಡುವಿನ ಜೋಡಣೆಯ ಸ್ಕ್ರೂವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ನಾಲ್ಕೂ ಕೊಳವೆಗಳು ಒಂದೇ ಅಂಕಿ ತೋರಿಸುವಂತೆ ಮಾಡಬೇಕು. ಒಂದೇ ಕಾರ್ಬುರೇಟರ್‌ನ ಎರಡು ಕೊಳವೆಗಳ ನಡುವೆ ವ್ಯತ್ಯಾಸವಿದ್ದರೆ ಗಾಳಿಯ ಬೈಪಾಸ್ ಸ್ಕ್ರೂ ಇದೆ. ಅದನ್ನು ದುರ್ಬಲ ಕೊಳವೆಯಲ್ಲಿ ಮಾತ್ರ ತೆರೆಯಬೇಕು. ಇದಾದ ಮೇಲಷ್ಟೇ ಮಿಶ್ರಣದ ಸ್ಕ್ರೂ. ಹೊಸ ಮಾದರಿಗಳಲ್ಲಿ ಅದರ ಎಳೆ ನಯವಾದ್ದರಿಂದ ಪೂರ್ತಿ ಮುಚ್ಚಿ ಎರಡೂವರೆ ಸುತ್ತು ಬಿಚ್ಚಿ ಆರಂಭಿಸುತ್ತಾರೆ, ಹಳೆಯವುಗಳಲ್ಲಿ ಒಂದು ಸುತ್ತಿನೊಳಗೇ ಮುಗಿಯುತ್ತದೆ. ಮಿಶ್ರಣ ಪೆಟ್ರೋಲಿನ ಕಡೆ ವಾಲಿದರೆ ಎಂಜಿನ್ ಭಾರವಾಗಿ ಗುಡುಗುಡಿಸುತ್ತದೆ, ಗಾಳಿಯ ಕಡೆ ವಾಲಿದರೆ ಕಾರ್ಬುರೇಟರ್ ಸೀನುತ್ತದೆ. ಆ ಎರಡರ ನಡುವೆ ಎಂಜಿನ್ ತಾನಾಗಿ ವೇಗ ಹೆಚ್ಚಿಸಿಕೊಳ್ಳುವ ಜಾಗವೊಂದಿದೆ. ಕಿವಿ ಅದನ್ನು ಬೇಗ ಕಲಿಯುತ್ತದೆ.

ಕಿವಿಗೆ ಸಿಗದ ಸಂಗತಿಗಳಿಗಾಗಿ ನಾಲ್ಕು ಎಕ್ಸಾಸ್ಟ್ ಕೊಳವೆಗಳು ಕೂಡುವ ಕಡೆ ಬೆಸುಗೆ ಹಾಕಿಸಿ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸಂವೇದಕವನ್ನು (ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವುದನ್ನು) ಕೂರಿಸಿದ್ದೆ. ಕಾರ್ಬುರೇಟರ್ ಕಾಲದವರಿಗೆ ಇಲ್ಲದಿದ್ದ ಅನುಕೂಲವೆಂದರೆ ಇದೊಂದೇ, ಆದರೆ ಎಂಥ ಅನುಕೂಲ! ರಸ್ತೆಯಲ್ಲಿ ಓಡಿಸುತ್ತ ಗಾಳಿ ಮತ್ತು ಪೆಟ್ರೋಲಿನ ಅನುಪಾತವನ್ನು ಪರದೆಯ ಮೇಲೆ ನೋಡಿದಾಗ ತಿಳಿದದ್ದು, ಪೂರ್ತಿ ತುಳಿದ ಸ್ಥಿತಿಯಲ್ಲಿ ಎಲ್ಲವೂ ಬಹುತೇಕ ಸರಿಯಾಗಿಯೇ ಇದೆ ಎಂಬುದು: 12.6, ಅದನ್ನು ತುಸು ಬದಲಿಸಲು ಗಾಳಿಯ ಜೆಟ್ಟನ್ನು 190 ಮಾಡಿದೆ, ಮೇಲಿನ ವೇಗದಲ್ಲಿ 12.9ರ ಹತ್ತಿರ ಬಂತು. ತೊಂದರೆ ಇದ್ದದ್ದು ಕೆಳಗೆ. ಮೂರನೆಯ ಗೇರಿನಲ್ಲಿ, 2000ದಿಂದ 2500ರ ನಡುವೆ, ಆಕ್ಸಿಲರೇಟರನ್ನು ಕಾಲ್ಬೆರಳಿನಷ್ಟೇ ಒತ್ತಿದಾಗ ಎಂಜಿನ್ ಒಂದು ಗಳಿಗೆ ತಡವರಿಸಿ ಆಮೇಲೆ ಎಳೆಯುತ್ತಿತ್ತು, ಅದೇ ಕ್ಷಣ ಪರದೆಯ ಅಂಕಿ 16 ದಾಟುತ್ತಿತ್ತು, ಅಂದರೆ ಪೆಟ್ರೋಲ್ ಸಾಲುತ್ತಿರಲಿಲ್ಲ.

ಇದನ್ನು ಬಿಡಿಸಿಕೊಳ್ಳಲು ಡಿಸಿಒಇಯ ಒಳಗುಟ್ಟನ್ನು ಸ್ವಲ್ಪ ತಿಳಿಯಬೇಕಾಗುತ್ತದೆ. ಮುಖ್ಯ ಜೆಟ್ಟೆಂಬ ಹೆಸರು ದೊಡ್ಡದು, ಆದರೆ ಹಗುರ ಹೊರೆಯಲ್ಲಿ ಸುಮಾರು 3000ದವರೆಗೆ ಅದರ ಪಾತ್ರವೇ ಇಲ್ಲ; ಊರೊಳಗಿನ ಓಡಾಟವೆಲ್ಲ ನಿಂತಲ್ಲಿ ತಿರುಗುವಾಗಲೂ ಪೆಟ್ರೋಲ್ ಕೊಡುವ ಐಡಲ್ ಜೆಟ್ಟಿನ ಮೇಲೆಯೇ ನಡೆಯುತ್ತದೆ. ಥ್ರಾಟಲ್ ತಟ್ಟೆಯ ಅಂಚಿನ ಬಳಿ ಕೊಳವೆಯ ಗೋಡೆಯಲ್ಲಿ ಸಾಲಾಗಿ ಸಣ್ಣ ರಂಧ್ರಗಳಿವೆ. ತಟ್ಟೆ ತೆರೆಯುತ್ತ ಹೋದಂತೆ ಅದರ ಅಂಚು ಒಂದೊಂದೇ ರಂಧ್ರವನ್ನು ದಾಟುತ್ತದೆ, ದಾಟಿದ ರಂಧ್ರದಿಂದ ಪೆಟ್ರೋಲ್ ಹರಿಯತೊಡಗುತ್ತದೆ. ಅವುಗಳ ಮೇಲಿರುವ ಹಿತ್ತಾಳೆಯ ಸಣ್ಣ ಬಿರಡೆಯನ್ನು ಬಿಚ್ಚಿ ಟಾರ್ಚಿನ ಬೆಳಕಿನಲ್ಲಿ ನೋಡುತ್ತ, ಇನ್ನೊಂದು ಕೈಯಿಂದ ಥ್ರಾಟಲನ್ನು ಮೆಲ್ಲಗೆ ತೆರೆದರೆ ಆ ಅಂಚು ರಂಧ್ರವನ್ನು ದಾಟುವುದು ಕಣ್ಣಿಗೇ ಕಾಣುತ್ತದೆ. ನಿಂತಲ್ಲಿ ತಿರುಗುವಾಗ ಅಂಚು ಮೊದಲ ರಂಧ್ರವನ್ನು ಇನ್ನೂ ಮುಟ್ಟಿರಬಾರದು. ನನ್ನದರಲ್ಲಿ ಆ ಸ್ಥಾನ ಸರಿಯಾಗಿತ್ತು. ಕೊರತೆ ಇದ್ದದ್ದು ಹರಿಯುವ ಪೆಟ್ರೋಲಿನಲ್ಲಿ.

ಐಡಲ್ ಜೆಟ್ಟಿಗೆ ಎರಡು ಅಳತೆಗಳಿವೆ: 50ಎಫ್8 ಎಂದರೆ ಪೆಟ್ರೋಲಿನ ರಂಧ್ರ 0.50 ಮಿ.ಮೀ., ಎಫ್8 ಎಂಬುದು ಗಾಳಿಯ ರಂಧ್ರದ ಗುರುತು. ಈ ಎಫ್ ಸಂಖ್ಯೆಗಳು ಕ್ರಮವಾಗಿ ಏರುವುದಿಲ್ಲ, ಎಫ್2ಕ್ಕಿಂತ ಎಫ್8 ಹೆಚ್ಚು ಪೆಟ್ರೋಲಿನದು, ಅದಕ್ಕಿಂತ ಎಫ್9, ಅದಕ್ಕಿಂತ ಎಫ್6. ಇಟಲಿಯವರು ಇದನ್ನು ಯಾವ ಮನಃಸ್ಥಿತಿಯಲ್ಲಿ ಅಂಕಿಸಿದರೋ! ಪೆಟ್ರೋಲಿನ ರಂಧ್ರವನ್ನೇ 55 ಮಾಡಿದಾಗ ತಡವರಿಕೆ ಹೋಯಿತು, ಆದರೆ ಸಮವೇಗದಲ್ಲಿ ಅನುಪಾತ 12ಕ್ಕೆ ಇಳಿದು ಪ್ಲಗ್ಗುಗಳು ಕಪ್ಪಾದವು. ಮತ್ತೆ 50ಕ್ಕೇ ಮರಳಿ ಗಾಳಿಯ ರಂಧ್ರವನ್ನಷ್ಟೇ ಬದಲಿಸಿ 50ಎಫ್9 ಹಾಕಿದಾಗ ಸಮವೇಗದಲ್ಲಿ 13.8, ತುಳಿದ ಗಳಿಗೆಯಲ್ಲಿ 14ರ ಆಸುಪಾಸು. ಪಿಕಪ್ ಹಾದಿಗೆ ಬಂತು. ಜೆಟ್ ಬದಲಿಸಲು ಕಾರ್ಬುರೇಟರನ್ನು ಇಳಿಸಬೇಕಿಲ್ಲ, ಮೇಲಿನ ಚಿಟ್ಟೆ ನಟ್ಟು ತಿರುಗಿಸಿ ಮುಚ್ಚಳ ತೆಗೆದರೆ ಸಾಕು, ರಸ್ತೆಬದಿಯಲ್ಲೇ ಮುಗಿಯುವ ಕೆಲಸ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಶಿಸ್ತನ್ನು ಮಾತ್ರ ಬಿಡಬಾರದು; ಜೆಟ್ಟನ್ನೂ ಕಿಡಿಯ ನಕ್ಷೆಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೇ ಗೊತ್ತು.

ಮೈಸೂರಿನಲ್ಲಿ ಕೇಳಿಯೂ ಇರದಿದ್ದ ಒಂದು ಸಮಸ್ಯೆ ಇಲ್ಲಿನ ನವೆಂಬರಿನಲ್ಲಿ ಕಾಣಿಸಿಕೊಂಡಿತು. ಉಷ್ಣತೆ 5 ಡಿಗ್ರಿಯ ಹತ್ತಿರ, ಗಾಳಿಯಲ್ಲಿ ಮಂಜಿನ ತೇವ. ಮೋಟಾರುದಾರಿಯಲ್ಲಿ ಸಮವೇಗದಲ್ಲಿ ಹೋಗುತ್ತಿದ್ದ ಕಾರು ನಿಧಾನವಾಗಿ ಕುಂದತೊಡಗಿ, ಪಕ್ಕಕ್ಕೆ ನಿಲ್ಲಿಸಿದಾಗ ಐಡ್ಲಿಂಗ್ ಹಿಡಿಯದೆ ನಿಂತುಹೋಯಿತು. ಸ್ವಲ್ಪ ಹೊತ್ತಿನಲ್ಲಿ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಯಿತು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಕಾವನ್ನು ಹೀರುವುದರಿಂದ ಥ್ರಾಟಲ್ ತಟ್ಟೆಯ ಬಳಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿದು ಗಾಳಿಯ ತೇವ ಹಿಮವಾಗಿ ಕಟ್ಟುತ್ತದೆ. ಎಂಜಿನ್ ನಿಂತ ಮೇಲೆ ಮ್ಯಾನಿಫೋಲ್ಡಿನ ಕಾವಿಗೆ ಅದೇ ಕರಗಿ ಸಾಕ್ಷಿಯೇ ಇಲ್ಲದಂತಾಗುತ್ತದೆ. ಕೊರೆಯುವ ಒಣ ಚಳಿಗಿಂತ ಈ ತೇವದ ಚಳಿಯೇ ಇದಕ್ಕೆ ಹೇಳಿ ಮಾಡಿಸಿದ್ದು. ಹಳೆಯ ಕಾರುಗಳ ಗಾಳಿ ಫಿಲ್ಟರಿನ ಮೇಲೆ ಬೇಸಿಗೆ, ಚಳಿಗಾಲ ಎಂಬ ಎರಡು ಗುರುತುಗಳು ಏಕಿರುತ್ತಿದ್ದವೆಂಬುದು ಆಗ ಅರ್ಥವಾಯಿತು. ಫಿಲ್ಟರಿಗೆ ಪೆಟ್ಟಿಗೆಯ ಹೊದಿಕೆ ಮಾಡಿ, ಚಳಿಗಾಲದಲ್ಲಿ ರೇಡಿಯೇಟರಿನ ಹಿಂದಿನ ಬಿಸಿ ಗಾಳಿ ಅದಕ್ಕೆ ಬರುವಂತೆ ಕೊಳವೆ ಹಾಕಿದ ಮೇಲೆ ಅದು ಮರುಕಳಿಸಿಲ್ಲ. ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ: ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿ ಕಾಲು ಗಂಟೆ ಬಿಟ್ಟರೆ ಬಟ್ಟಲಿನ ಪೆಟ್ರೋಲ್ ಕುದಿದು ಸಿಲಿಂಡರಿಗೆ ಆವಿ ತುಂಬುತ್ತದೆ. ಆಗ ಆಕ್ಸಿಲರೇಟರನ್ನು ಪಂಪ್ ಮಾಡದೆ ಪೂರ್ತಿ ತುಳಿದು ಹಿಡಿದೇ ಸೆಲ್ಫ್ ಹೊಡೆಯಬೇಕು.

ಕಾಗದಪತ್ರದ ಕೆಲಸ ಇಲ್ಲಿ ಸರಳ. ಎಂಜಿನ್ ಸಂಖ್ಯೆ ಮತ್ತು ಸಿ.ಸಿ. ಬದಲಾದುದನ್ನು ವಾಹನ ನೋಂದಣಿ ಇಲಾಖೆಗೂ ವಿಮೆಯವರಿಗೂ ತಿಳಿಸಬೇಕು. ನಮ್ಮ ದೇಶದಲ್ಲಾದರೆ ವಾಹನದ ಮಾರ್ಪಾಡನ್ನು ನಿರ್ಬಂಧಿಸುವ, ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡ ಬರುತ್ತದೆ. ಇದನ್ನು ಓದಿ ಊರಿನಲ್ಲಿ ಪದ್ಮಿನಿ ಕಾರಿಗೆ ಕೈ ಹಾಕುವವರು ಮೊದಲು ಆರ್‌ಟಿಒ ಮೆಟ್ಟಿಲು ಹತ್ತುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಕಾಣದ ಕಾರುಗಳಿಗೆ ಎಂಒಟಿ ಎಂಬ ವಾರ್ಷಿಕ ಸುರಕ್ಷತಾ ಪರೀಕ್ಷೆಯಿಂದ ವಿನಾಯಿತಿ ಇದೆ, ಆದರೆ ಇಷ್ಟೆಲ್ಲ ಬದಲಿಸಿದ ಕಾರನ್ನು ಪರೀಕ್ಷಿಸದೆ ಓಡಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಹೊಸ ಎಂಜಿನ್ ಇದ್ದರೂ ಪರೀಕ್ಷೆ ನಡೆಯುವುದು ಕಾರಿನ ವಯಸ್ಸಿನ ಮೇಲೆ: 1975ರ ಆಗಸ್ಟಿನಿಂದ 1986ರ ಜುಲೈವರೆಗೆ ಮೊದಲು ರಸ್ತೆಗಿಳಿದ ಕಾರುಗಳ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡ 4.5, ಹೈಡ್ರೋಕಾರ್ಬನ್ 1200 ಪಿಪಿಎಂ ಮೀರಬಾರದು. ನನ್ನದು 2.6 ಮತ್ತು 310 ತೋರಿಸಿತು. ಜೊತೆಗೆ ಮುಂಚಕ್ರದ ಬ್ರೇಕ್ ಡಿಸ್ಕುಗಳನ್ನು ದೊಡ್ಡದಕ್ಕೆ ಬದಲಿಸಿದ್ದೂ ಆ ಪರೀಕ್ಷೆಯ ರೋಲರಿನ ಮೇಲೆ ತಾಳೆಯಾಯಿತು.

ಉರುಳೆಗಳ ಮೇಲೆ ಕಾರನ್ನು ಓಡಿಸಿ ಶಕ್ತಿ ಅಳೆಯುವ ರೋಲಿಂಗ್ ರೋಡಿನಲ್ಲಿ ಅಳೆಸಿದಾಗ 148 ಅಶ್ವಶಕ್ತಿ ಬಂತು, ಮೂಲ ಕ್ಯಾಮ್‌ಶಾಫ್ಟುಗಳಲ್ಲೇ. ಆದರೆ 3000ದ ಕೆಳಗೆ ಟಾರ್ಕು ಮೊಂಡಿಯೋದ ಉದ್ದ ಕೊಳವೆಯ ಮ್ಯಾನಿಫೋಲ್ಡು ಕೊಡುತ್ತಿದ್ದುದಕ್ಕಿಂತ ತುಸು ಕಡಿಮೆಯೇ. 900 ಕಿಲೋ ಆಸುಪಾಸಿನ ಕಾರಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಚಳಿಯ ಬೆಳಗಿನಲ್ಲಿ ಆಕ್ಸಿಲರೇಟರನ್ನು ಎರಡು ಮೂರು ಸಲ ತುಳಿದು, ಪಂಪಿನ ಜೆಟ್ಟು ಪೆಟ್ರೋಲ್ ಚಿಮ್ಮಿಸಿದ ಮೇಲೆ ಸೆಲ್ಫ್ ಹೊಡೆದು, ಒಂದೆರಡು ನಿಮಿಷ ಕಾಲನ್ನು ಪೆಡಲಿನ ಮೇಲೆಯೇ ಇಟ್ಟುಕೊಂಡಿರಬೇಕು. ಐಡ್ಲಿಂಗನ್ನು ಎತ್ತಿ ಹಿಡಿಯುವ ವಾಲ್ವು ಈಗ ಇಲ್ಲ. ಇನ್ನು ಉಳಿದಿರುವುದು ಆಕ್ಸಿಲರೇಟರಿನ ಕೇಬಲ್ಲು. ಅದರ ಎಳೆತ ಈಗ ಮೊದಲರ್ಧದಲ್ಲಿ ತೀರ ಚುರುಕಾಗಿದೆ. ಥ್ರಾಟಲ್ ಜೋಡಣೆಯ ಗಾಲಿಯನ್ನು ದುಂಡಗಿನದರಿಂದ ಮೊಟ್ಟೆಯಾಕಾರದ್ದಕ್ಕೆ ಬದಲಿಸಿ, ಆರಂಭದಲ್ಲಿ ನಿಧಾನವಾಗಿ ಆಮೇಲೆ ಬೇಗ ತೆರೆಯುವಂತೆ ಮಾಡಬೇಕಿದೆ. ಅಲ್ಯೂಮಿನಿಯಂ ಗಟ್ಟಿಯಿಂದ ಅದನ್ನು ಕೊರೆಸಲು ಕೊಟ್ಟಿದ್ದೇನೆ.